ಲೈಟ್ ಹಾಕದೆ ಅಡುಗೆ ಮಾಡುವ ಹೊತ್ತು

ನಾನು ಮೊದಲ ಸಲ ಮನೆಯ ಫೋಟೋ ತೆಗೆದದ್ದು ಒಂದು ಆಷಾಢದಲ್ಲಿ. ಆಷಾಢ ಅಂದರೆ ಮದುವೆ ಇಲ್ಲ, ಮದುವೆ ಇಲ್ಲ ಅಂದರೆ ನಮ್ಮಂಥ ಸ್ಟುಡಿಯೋದವರಿಗೆ ಕೆಲಸ ಇಲ್ಲ. ಚಿಕ್ಕಮಗಳೂರಿನಲ್ಲಿ ಆ ತಿಂಗಳು ಮಳೆ ಬೇರೆ. ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾದವರೂ ಮಳೆ ಹೊಳವಾಗಲಿ ಅಂತ ಕಾಯುತ್ತಾರೆ. ಅಂಗಡಿಯಲ್ಲಿ ಸುಮ್ನೆ ಕೂತು, ಲೆನ್ಸ್‌ಗೆ ಬೂಷ್ಟು ಹಿಡಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪರಿಚಯದ ಬ್ರೋಕರ್ ಒಬ್ಬರು ಬಂದರು. "ಬಸವನಹಳ್ಳಿ ಕಡೆ ಒಂದು ಮನೆ ಮಾರಾಟಕ್ಕಿದೆ. ಶ್ರಾವಣ ಬಂದ್ರೆ ಜನ ಕೇಳೋಕೆ ಶುರು ಮಾಡ್ತಾರೆ. ಅಷ್ಟರೊಳಗೆ ಒಂದು ಹತ್ತು ಫೋಟೋ ಹೊಡೆದುಕೊಡಿ" ಅಂದರು.

15 ವರ್ಷ ಮದುವೆ ಫೋಟೋ ತೆಗೆದವನಿಗೆ ಮನೆ ಯಾವ ಲೆಕ್ಕ ಅಂದುಕೊಂಡೆ. ಮನೆ ಕಣ್ಣು ಮುಚ್ಚಲ್ಲ. ಊಟದ ಪಂಕ್ತಿಗೆ ಹೊತ್ತಾಯ್ತು ಅಂತ ಎದ್ದು ಹೋಗಲ್ಲ. ಮಧ್ಯಾಹ್ನ 3 ಗಂಟೆಗೆ ಧೋ ಅಂತ ಸುರಿಯುವ ಮಳೆಯಲ್ಲಿ ಹೋದೆ. ಕ್ಯಾಮೆರಾ ಮೇಲೆ ಫ್ಲ್ಯಾಷ್ ಸಿಕ್ಕಿಸಿ, ರೂಮಿನಿಂದ ರೂಮಿಗೆ ಓಡಾಡಿ, 20 ನಿಮಿಷದಲ್ಲಿ ಮುಗಿಸಿ ಬಂದೆ. ರಾತ್ರಿ ಕಂಪ್ಯೂಟರಿನಲ್ಲಿ ನೋಡಿದರೆ ಹತ್ತಿರದ ಸೋಫಾ ಸುಣ್ಣ ಬಳಿದ ಹಾಗೆ ಬೆಳ್ಳಗಿದೆ, ಹಿಂದಿನ ಗೋಡೆ ಕತ್ತಲಲ್ಲಿದೆ. ಟ್ಯೂಬ್‌ಲೈಟ್ ಬಿದ್ದ ಕಡೆ ನೀಲಿ, ಬಲ್ಬ್ ಇದ್ದ ಕಡೆ ಅರಿಶಿನ. ಮಲಗುವ ಕೋಣೆಯ ಬೀರುವಿನ ಕನ್ನಡಿಯಲ್ಲಿ ರೈನ್‌ಕೋಟ್ ಹಾಕಿಕೊಂಡ ನಾನು, ಹಣೆ ಇರಬೇಕಾದ ಜಾಗದಲ್ಲಿ ಫ್ಲ್ಯಾಷಿನ ಬೆಂಕಿ ಉಂಡೆ. ಹಾಗೇ ಕಳಿಸಿಬಿಟ್ಟೆ. ಮನೆಯ ಯಜಮಾನರು ಬೈಯಲಿಲ್ಲ. "ನಮ್ಮನೆ ಹೀಗಿದೆಯಾ?" ಅಂತ ಮಾತ್ರ ಕೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅದಾದ ಮೇಲೆ ಚಿಕ್ಕಮಗಳೂರು, ಆಲ್ದೂರು, ಬೇಲೂರು, ಹಾಸನ ಅಂತ ನೂರಕ್ಕೂ ಜಾಸ್ತಿ ಮನೆ ತೆಗೆದಿದ್ದೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯನ್ನು ನೀವೇ ಫೋನಿನಲ್ಲಿ ತೆಗೆಯುವವರಾದರೂ ಇದರ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಮುಕ್ಕಾಲು ಕೆಲಸ ಕ್ಯಾಮೆರಾದ್ದಲ್ಲ.

ಈಗ ನಾನು ಒಂದು ಮನೆಗೆ ಎರಡು ಸಲ ಹೋಗುತ್ತೇನೆ. ಮೊದಲ ಸಲ ಬರಿಗೈಯಲ್ಲಿ. ಅವರು ಕೊಟ್ಟ ಕಾಫಿ ಕುಡಿಯುತ್ತಾ ಒಂದು ಪ್ರಶ್ನೆ ಕೇಳುತ್ತೇನೆ: "ನೀವು ಯಾವ ಹೊತ್ತಲ್ಲಿ ಲೈಟ್ ಹಾಕದೆ ಅಡುಗೆ ಮಾಡ್ತೀರಾ?" ಮೊದಲು ನಗುತ್ತಾರೆ. ಆಮೇಲೆ ಗಡಿಯಾರ ನೋಡಿದ ಹಾಗೆ ಹೇಳುತ್ತಾರೆ. "ಎಂಟರಿಂದ ಹತ್ತರ ತನಕ ಬೇಡ. ಆಮೇಲೆ ಪಕ್ಕದ ಮನೆ ನೆರಳು ಬಂದುಬಿಡುತ್ತೆ." ಈ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ನಿಲ್ಲುವವರನ್ನೇ ಕೇಳಬೇಕು. ಹಾಲಿನಲ್ಲಿ ಕೂತ ಯಜಮಾನರನ್ನು ಕೇಳಿದರೆ "ನಮ್ಮನೇಲಿ ಇಡೀ ದಿನ ಬೆಳಕು ಸಾರ್" ಅನ್ನುತ್ತಾರೆ. ಹಪ್ಪಳ ಎಲ್ಲಿ ಒಣಗಿಸ್ತೀರಿ, ಅಕ್ಕಿ ಎಲ್ಲಿ ಕೂತು ಆರಿಸ್ತೀರಿ, ಮಧ್ಯಾಹ್ನ ಪೇಪರ್ ಓದೋಕೆ ಯಾವ ಕುರ್ಚಿ, ಇದನ್ನೂ ಕೇಳುತ್ತೇನೆ. ಆ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಯಾವ ಕೋಣೆ ಯಾವಾಗ ಅನ್ನುವ ಟೈಮ್‌ಟೇಬಲ್ ಸಿದ್ಧವಾದಂತೆ.

ಇದನ್ನು ನನಗೆ ಕಲಿಸಿದ್ದು ಕೋಟೆ ಕಡೆಯ ಒಂದು ಹೆಂಚಿನ ಮನೆಯ ಅಜ್ಜಿ. ನಡುವೆ ಪುಟ್ಟ ತೊಟ್ಟಿ, ಸುತ್ತ ನಾಲ್ಕು ಕಂಬ, ಕೆಂಪು ಗಾರೆ ನೆಲ. ನವೆಂಬರ್ ತಿಂಗಳು. ಬೆಳಿಗ್ಗೆ 9 ಗಂಟೆಗೇ ಹೋಗಿ ಸ್ಟ್ಯಾಂಡ್ ನಿಲ್ಲಿಸಿದ್ದೆ. ತೊಟ್ಟಿಯ ಮೇಲ್ಗಡೆ ಗೋಡೆಯಲ್ಲಿ ಒಂದು ಪಟ್ಟಿ ಬಿಸಿಲು ಸುಡುಬಿಳುಪಾಗಿತ್ತು. ಕೆಳಗೆ ಎಲ್ಲಾ ಮಬ್ಬು. ಗೋಡೆಗೆ ಸರಿಮಾಡಿದರೆ ನೆಲ ಕಪ್ಪು, ನೆಲಕ್ಕೆ ಸರಿಮಾಡಿದರೆ ಗೋಡೆ ಮಾಯ. ನಾನು ಒದ್ದಾಡುತ್ತಿದ್ದುದನ್ನು ನೋಡಿ ಅಜ್ಜಿ, "ಈಗಲೇ ಯಾಕಪ್ಪಾ? ಬಿಸಿಲು ಇನ್ನೂ ಕಂಬ ಇಳಿದಿಲ್ಲ. ಇಳಿದ ಮೇಲೆ ನಾನು ಸಂಡಿಗೆ ತಟ್ಟೆ ಇಡೋದು" ಅಂದರು.

ಕಾದೆ. 10:40ರ ಸುಮಾರಿಗೆ ಬಿಸಿಲು ವಾಯವ್ಯದ ಕಂಬದ ಮೇಲಿಂದ ನಿಧಾನವಾಗಿ ಜಾರಿ ಬುಡಕ್ಕೆ ಬಂತು. ಆಮೇಲೆ ತೊಟ್ಟಿಯ ಚಪ್ಪಡಿಗೆ ಇಳಿಯಿತು. ಅಷ್ಟು ಹೊತ್ತು ಸತ್ತಂತಿದ್ದ ಜಗಲಿಗಳು ನಾಲ್ಕೂ ಕಡೆಯಿಂದ ಒಟ್ಟಿಗೇ ಎದ್ದು ಕೂತವು. ಬೆಳಕು ಮೇಲಿನಿಂದ ಬರುತ್ತಿರಲಿಲ್ಲ. ಕಲ್ಲಿಗೆ ಬಡಿದು ಕೆಳಗಿನಿಂದ ಮೇಲಕ್ಕೆ ಹೋಗಿ ಸೂರಿನ ಒಳಗಿನ ರೀಪು, ಹೆಂಚಿನ ಹೊಟ್ಟೆ ಎಲ್ಲವನ್ನೂ ತೋರಿಸುತ್ತಿತ್ತು. ಕೆಂಪು ನೆಲದ ಬಣ್ಣ ಸ್ವಲ್ಪ ಗೋಡೆಯ ಸುಣ್ಣಕ್ಕೂ ತಾಗಿತ್ತು. ಪಡಸಾಲೆಯ ಮೂಲೆಯಲ್ಲಿ ಕ್ಯಾಮೆರಾವನ್ನು 3 ಅಡಿ ಎತ್ತರಕ್ಕೆ ಇಳಿಸಿ, ಅಂದರೆ ಜಗಲಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ತೆಗೆದೆ. 25 ನಿಮಿಷ ಸಿಕ್ಕಿತು. ಆಮೇಲೆ ಅಜ್ಜಿ ತಟ್ಟೆ ತಂದಿಟ್ಟರು. ಫ್ಲ್ಯಾಷ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಹೊರಗಿನ ಫೋಟೋಗೆ ಈ ಲೆಕ್ಕ ಇನ್ನೂ ಸುಲಭ. ಪೂರ್ವಕ್ಕೆ ಬಾಗಿಲಿದ್ದರೆ ಬೆಳಿಗ್ಗೆ, ಪಶ್ಚಿಮಕ್ಕಿದ್ದರೆ ಸಂಜೆ. ತೊಂದರೆ ಕೊಡುವುದು ಉತ್ತರ ಬಾಗಿಲು. ಚಿಕ್ಕಮಗಳೂರು, ಹಾಸನ ಎರಡೂ ಹೆಚ್ಚುಕಮ್ಮಿ 13 ಡಿಗ್ರಿ ಅಕ್ಷಾಂಶದಲ್ಲಿವೆ. ಹಾಗಾಗಿ ನಡುಹಗಲ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಾತ್ರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಳೆಗಾಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ತಿಂಗಳ ಮೂರನೇ ವಾರದವರೆಗೆ ಉತ್ತರದ ಗೋಡೆಗೆ ಬಿಸಿಲೇ ಬೀಳಲ್ಲ. ವಾಸ್ತು ನೋಡುವವರು ಮುಗಿಬಿದ್ದು ಕೇಳುವ ಬಾಗಿಲು ಅರ್ಧ ವರ್ಷ ನೆರಳಲ್ಲೇ ಇರುತ್ತದೆ ನೋಡಿ. ಅಂಥ ಮನೆಯನ್ನು ನಾನು ಮೇ ಮೊದಲ ವಾರ ತೆಗೆಯುತ್ತೇನೆ. ಇಲ್ಲವಾದರೆ ತೆಳು ಮೋಡದ ದಿನಕ್ಕೆ ಕಾಯುತ್ತೇನೆ. ಬಿಸಿಲಿನ ದಿನ ತೆಗೆದರೆ ಹಿಂದೆ ಆಕಾಶ ಬೆಳ್ಳಗೆ, ಮುಂದೆ ಮನೆ ಕಪ್ಪಗೆ.

ಮೋಡ ಅಂದರೆ ಮೂಗು ಮುರಿಯಬೇಡಿ. ಒಳಗಿನ ಫೋಟೋಗೆ ನಮ್ಮ ಮಲೆನಾಡ ಅಂಚಿನ ಮೋಡದಷ್ಟು ಒಳ್ಳೆಯ ಬೆಳಕು ಇನ್ನೊಂದಿಲ್ಲ. ಕಿಟಕಿಯ ಆಚೆಗೂ ಈಚೆಗೂ ಇರುವ ವ್ಯತ್ಯಾಸವನ್ನು ಅದು ಅರ್ಧಕ್ಕೆ ಇಳಿಸುತ್ತದೆ. ಒಳಗಿನದಕ್ಕೆ ಮೋಡ, ಹೊರಗಿನದಕ್ಕೆ ಬಿಸಿಲು. ಎರಡೂ ಒಂದೇ ದಿನ ಸಿಗುವುದು ಅಪರೂಪ. ವರ್ಷದಲ್ಲಿ ನನಗೆ ಇಷ್ಟವಾದದ್ದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಗಾಳಿ ತೊಳೆದ ಹಾಗಿರುತ್ತದೆ, ಹಿತ್ತಲು ಹಸಿರಾಗಿರುತ್ತದೆ. ಆದರೆ ಕಾಂಪೌಂಡಿಗೆ ಮಳೆಗಾಲದ ಪಾಚಿ ಕಪ್ಪಗೆ ಹಿಡಿದಿರುತ್ತದೆ, ಅದನ್ನು ಉಜ್ಜಿಸಲೇಬೇಕು. ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವವರಿದ್ದರೆ ಅದಾದ ಮರುವಾರ ಹೋಗುತ್ತೇನೆ. ಮಾರ್ಚ್‌ನಲ್ಲಿ ಧೂಳು, ಗಿಡ ಒಣಗಿರುತ್ತದೆ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ನಾಲ್ಕು ದಿನ ಮಾತ್ರ ಬೇರೆ ಮಾತು. ತೋಟದ ಮನೆ ಮಾರುವವರು ಆ ನಾಲ್ಕು ದಿನ ಬಿಡಬಾರದು.

ಇನ್ನು ಲೆನ್ಸಿನ ವಿಷಯ. ಇದರಲ್ಲಿ ನಾನು ಮಾಡಿದ್ದು ತಪ್ಪು ಅನ್ನುವುದಕ್ಕಿಂತ ಮೋಸ ಅನ್ನಬೇಕು.

ಶುರುವಿನಲ್ಲಿ ಕ್ಯಾನನ್ 10–18 ಮಿಲಿಮೀಟರಿನ ಲೆನ್ಸ್ ತೆಗೆದುಕೊಂಡೆ. ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. 10ಕ್ಕೆ ತಿರುಗಿಸಿದರೆ ಬಚ್ಚಲುಮನೆಯೂ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಬ್ರೋಕರ್‌ಗೆ ಖುಷಿ, ನನಗೂ ಖುಷಿ. ನಮ್ಮ ಊರಿನ ಕಲ್ಯಾಣನಗರದ ಒಂದು ಮನೆಯ 10 ಅಡಿ 11 ಅಡಿ ಬೆಡ್‌ರೂಮನ್ನು ಹಾಗೇ ತೆಗೆದಿದ್ದೆ. ನೋಡಲು ಬೆಂಗಳೂರಿನಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ. ಸುಮಾರು 245 ಕಿಲೋಮೀಟರ್. ಏನೋ ಕೆಲಸಕ್ಕೆ ನಾನೂ ಅಲ್ಲೇ ಇದ್ದೆ. ಅವರು ನೇರ ಆ ರೂಮಿಗೆ ಹೋಗಿ, ಬಾಗಿಲಲ್ಲಿ ನಿಂತು, ಫೋನ್ ತೆಗೆದು ಒಮ್ಮೆ ಫೋಟೋ ನೋಡಿ ಒಮ್ಮೆ ರೂಮ್ ನೋಡಿ, "ಇದೇ ರೂಮಾ?" ಅಂದರು. ಆಮೇಲೆ ಕಾರಿನಿಂದ ಟೇಪ್ ತಂದರು. ತಾಯಿಯ ಮಂಚ ಹಾಕಿದರೆ ಬೀರು ಬಾಗಿಲು ತೆಗೆಯಲು ಜಾಗ ಇರಲಿಲ್ಲ. ಅಳತೆ ಮುಗಿಸಿ ಟೇಪ್ ಸುತ್ತಿಕೊಳ್ಳುವಾಗ ಬಂದ ಕರಕರ ಸದ್ದು ಇನ್ನೂ ಕಿವಿಯಲ್ಲಿದೆ. ಕಾಫಿ ಕೂಡ ಕುಡಿಯದೆ ಹೋದರು.

ಲೆನ್ಸ್ ಯಾಕೆ ಹೀಗೆ ಮಾಡುತ್ತದೆ ಅಂದರೆ, ಅಗಲದ ಲೆನ್ಸ್ ಹಿಡಿದಾಗ ನಾವು ವಸ್ತುಗಳಿಗೆ ತುಂಬಾ ಹತ್ತಿರ ನಿಲ್ಲುತ್ತೇವೆ. ಹತ್ತಿರದ್ದು ದೊಡ್ಡದಾಗುತ್ತದೆ, ಎದುರಿನ ಗೋಡೆ ದೂರ ಓಡುತ್ತದೆ. ಚಿತ್ರದ ಅಂಚಿನಲ್ಲಿದ್ದ ಫ್ರಿಜ್ ಅಡ್ಡಕ್ಕೆ ಹಿಗ್ಗಿ ಎಮ್ಮೆಯಾಗುತ್ತದೆ. ಈಗ ನಾನು ಅದೇ ಲೆನ್ಸನ್ನು 14–15ರಲ್ಲಿ ಇಟ್ಟುಕೊಳ್ಳುತ್ತೇನೆ. ಫುಲ್‌ಫ್ರೇಮ್, ಅಂದರೆ ಹಳೇ ಫಿಲ್ಮ್ ರೀಲಿನಷ್ಟು ದೊಡ್ಡ ಸೆನ್ಸರಿನ ಕ್ಯಾಮೆರಾದ ಲೆಕ್ಕದಲ್ಲಿ ಅದು 22–24 ಮಿಲಿಮೀಟರ್. ಫೋನಿನವರಿಗೆ ಹೇಳುವುದಾದರೆ 1 ಅಂತ ಇರುವ ಮುಖ್ಯ ಕ್ಯಾಮೆರಾ ಹೆಚ್ಚುಕಮ್ಮಿ ಇಷ್ಟೇ. 0.5 ಒತ್ತಿದರೆ 13 ಮಿಲಿಮೀಟರಿನ ಆಸುಪಾಸಿಗೆ ಹೋಗುತ್ತದೆ, ಅದೇ ಎಮ್ಮೆ ಮಾಡುವ ಲೆನ್ಸ್. ಜಾಗ ಸಾಲದಿದ್ದರೆ ಬಾಗಿಲಿನ ಆಚೆ ನಿಂತು ಬಾಗಿಲ ಚೌಕಟ್ಟಿನೊಳಗಿಂದ ತೆಗೆಯಿರಿ. ಇಲ್ಲವೇ ಕೋಣೆಯ ಎರಡು ಗೋಡೆ ಮಾತ್ರ ತೋರಿಸಿ. ಮೂರು ಗೋಡೆಯನ್ನೂ ತುರುಕಬೇಕು ಅಂತ ಯಾರೂ ಹೇಳಿಲ್ಲ. ಅಡಿ ಲೆಕ್ಕವನ್ನು ಕೆಳಗೆ ಬರೆದುಬಿಡಿ. ಟೇಪ್ ಹೇಗೂ ಬಂದೇ ಬರುತ್ತದೆ, ಅಲ್ವಾ?

ಗೋಡೆ ನೆಟ್ಟಗಿರಬೇಕು. ಇದೊಂದನ್ನು ಸರಿಮಾಡಿಕೊಂಡರೆ ಫೋನಿನ ಫೋಟೋ ಕೂಡ ಸ್ಟುಡಿಯೋದವರು ತೆಗೆದ ಹಾಗೆ ಕಾಣುತ್ತದೆ. ಕ್ಯಾಮೆರಾ ಸ್ವಲ್ಪ ಮೇಲೆ ನೋಡಿದರೆ ಗೋಡೆಗಳು ತಲೆ ಕಡೆ ಕೂಡಿಕೊಳ್ಳುತ್ತವೆ, ಕೆಳಗೆ ನೋಡಿದರೆ ಕಾಲ ಕಡೆ. ಗಾರೆಯವರು ತೂಗುಗುಂಡು ಬಿಟ್ಟು ನೋಡುತ್ತಾರಲ್ಲ, ಹಾಗೆ ಕ್ಯಾಮೆರಾದ ಗೆರೆಗಳನ್ನು ಆನ್ ಮಾಡಿಕೊಂಡು ಒಂದು ಗೆರೆಯನ್ನು ಬಾಗಿಲ ಚೌಕಟ್ಟಿಗೆ ಹೊಂದಿಸಿ. ಎತ್ತರ ಸಾಲದಿದ್ದರೆ ಕ್ಯಾಮೆರಾ ಬಗ್ಗಿಸಬೇಡಿ, ಇಡೀ ಕ್ಯಾಮೆರಾವನ್ನೇ ಮೇಲೆ ಕೆಳಗೆ ಮಾಡಿ. ಹಾಲ್, ಬೆಡ್‌ರೂಮಿಗೆ ನಾನು 4 ಅಡಿ ಇಡುತ್ತೇನೆ. ಅಡುಗೆಮನೆಗೆ ಅರ್ಧ ಅಡಿ ಜಾಸ್ತಿ, ಕಲ್ಲಿನ ಕಟ್ಟೆಯ ಮೇಲ್ಭಾಗ ಕಾಣಬೇಕು ಅಂತ. ಹಳೇ ಮಣ್ಣಿನ ಗೋಡೆಯ ಮನೆಗಳಲ್ಲಿ ಒಂದು ತಮಾಷೆ ಇದೆ. ಅಲ್ಲಿ ಗೋಡೆಯೇ ವಾಲಿರುತ್ತದೆ, ಚೌಕಟ್ಟೂ ಅದರ ಜೊತೆ ವಾಲಿರುತ್ತದೆ. ಒಂದು ಸರಿಮಾಡಿದರೆ ಇನ್ನೊಂದು ಸೊಟ್ಟ. ಅಂಥ ಕಡೆ ಮನೆಯಲ್ಲಿ ನೆಟ್ಟಗಿರುವ ಒಂದೇ ಒಂದು ಕಂಬ ಹುಡುಕಿ ಅದನ್ನೇ ನಂಬುತ್ತೇನೆ.

30–40 ಸೈಟಿನ ಹೊಸ ಮನೆಗಳಲ್ಲಿ ಹೊರಗಿನ ಫೋಟೋಗೇ ಕಷ್ಟ. ಎರಡು ಅಂತಸ್ತು ಎದ್ದಿರುತ್ತದೆ, ಎದುರಿಗೆ ಹಿಂದೆ ಸರಿಯಲು ರಸ್ತೆ ಸಾಲದು. ಕೆಳಗಿಂದ ಕತ್ತೆತ್ತಿ ತೆಗೆದರೆ ಮನೆ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಉಪಾಯ ಒಂದೇ. ಎದುರು ಮನೆಯವರನ್ನು ಕೇಳಿಕೊಂಡು ಅವರ ಮೊದಲ ಮಹಡಿಯ ಬಾಲ್ಕನಿಗೆ ಹೋಗುವುದು. ಕಟ್ಟಡದ ಅರ್ಧ ಎತ್ತರದಲ್ಲಿ ನಿಂತರೆ ಕ್ಯಾಮೆರಾ ಮೇಲೂ ನೋಡಬೇಕಾಗಿಲ್ಲ, ಕೆಳಗೂ ನೋಡಬೇಕಾಗಿಲ್ಲ. ಎದುರು ಮನೆಯವರು ಕೇಳುವುದು ಒಂದೇ, "ಎಷ್ಟಕ್ಕೆ ಹೇಳ್ತಿದ್ದಾರೆ?" ನನಗೆ ಗೊತ್ತಿಲ್ಲ ಅನ್ನುತ್ತೇನೆ. ಯಾರೂ ನಂಬಲ್ಲ.

ಕಿಟಕಿಯ ಸಮಸ್ಯೆ ಅರ್ಥವಾಗಬೇಕಾದರೆ ಬೇಲೂರಿನ ದೇವಸ್ಥಾನದ ನವರಂಗದಲ್ಲಿ ಒಂದು ಗಳಿಗೆ ನಿಲ್ಲಿ. ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿ ಕಿಟಕಿಯ ತೂತುಗಳು ಉರಿಯುತ್ತಿರುತ್ತವೆ, ಒಳಗಿನ ಕಂಬ ಕಾಣಲು ಕಣ್ಣಿಗೇ ಹೊತ್ತು ಬೇಕು. ಕಣ್ಣು ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ. ಅದಕ್ಕೇ ಸ್ಟ್ಯಾಂಡ್ ಮೇಲಿಟ್ಟು ಮೂರು ಫೋಟೋ ತೆಗೆಯುತ್ತೇನೆ. ಒಂದು ಸರಿಯಾದದ್ದು, ಇನ್ನೊಂದು ಎರಡು ಸ್ಟಾಪ್ ಕಪ್ಪಗೆ, ಮತ್ತೊಂದು ಎರಡು ಸ್ಟಾಪ್ ಬೆಳ್ಳಗೆ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು ಇಲ್ಲವೇ ಎರಡು ಪಟ್ಟಾಗುವುದು. ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಐಎಸ್‌ಒ 100, ಲೆನ್ಸಿನ ತೂತಿನ ಅಳತೆ ಎಫ್ 8, ಎರಡು ಸೆಕೆಂಡಿನ ಟೈಮರ್. ಮೂರನ್ನೂ ಕಂಪ್ಯೂಟರಿನಲ್ಲಿ ಲೈಟ್‌ರೂಮ್ ಅನ್ನುವ ಫೋಟೋ ಸಾಫ್ಟ್‌ವೇರಿನಲ್ಲಿ ಸೇರಿಸುತ್ತೇನೆ. ಇಲ್ಲಿ ಕೈ ಹಿಡಿತ ಮುಖ್ಯ. ಜಾಸ್ತಿ ಎಳೆದರೆ ಮನೆ ಬೇಕರಿ ಕೇಕಿನ ಬಣ್ಣಕ್ಕೆ ತಿರುಗುತ್ತದೆ. ಕಿಟಕಿ ಸ್ವಲ್ಪ ಬೆಳ್ಳಗೆ ಉಳಿದರೆ ಉಳಿಯಲಿ ಬಿಡಿ. ಫೋನಿನಲ್ಲಾದರೆ ಪರದೆಯ ಮೇಲೆ ಕಿಟಕಿಗೂ ಗೋಡೆಗೂ ನಡುವಿನ ಜಾಗ ಮುಟ್ಟಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ.

ಫ್ಯಾನ್ ಆಫ್ ಮಾಡಿ. ಸ್ಟ್ಯಾಂಡ್ ಮೇಲೆ ನಿಧಾನ ಶಟರ್ ಇಟ್ಟಾಗ ಅದು ಚಾವಣಿಗೆ ಅಂಟಿದ ಬೂದು ತಟ್ಟೆಯ ಹಾಗೆ ಬರುತ್ತದೆ.

ಲೈಟ್ ಹಾಕಬೇಕೋ ಬೇಡವೋ ಅಂತ ಫೋಟೋದವರಲ್ಲೇ ಜಗಳ ಇದೆ. ನಾನು ಹಗಲಲ್ಲಿ ಎಲ್ಲಾ ಆರಿಸುತ್ತೇನೆ, ಮುಸ್ಸಂಜೆಯಲ್ಲಿ ಎಲ್ಲಾ ಹಾಕುತ್ತೇನೆ. ನಮ್ಮ ಮನೆಗಳಲ್ಲಿ ಹಾಲಿಗೆ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ, ದೇವರ ಮನೆಗೆ 3000ದ ಹಳದಿ ಬಲ್ಬು, ಜೊತೆಗೆ ಕಿಟಕಿಯ ಹಗಲು. ಮೂರೂ ಒಂದೇ ಚೌಕಟ್ಟಿಗೆ ಬಂದರೆ ಯಾವ ದೇವರೂ ಬಣ್ಣ ಸರಿಮಾಡಲಾರ. ಗಿಳಿಹಸಿರು ಗೋಡೆಯ ಮನೆಗಳದ್ದು ಇನ್ನೊಂದು ಕಥೆ. ಆ ಹಸಿರು ಚಾವಣಿಗೂ ಹತ್ತುತ್ತದೆ, ನಿಂತವರ ಮುಖಕ್ಕೂ ಹತ್ತುತ್ತದೆ. ಸ್ವಲ್ಪ ಇಳಿಸುತ್ತೇನೆ, ಪೂರ್ತಿ ತೆಗೆಯಲ್ಲ. ಮನೆ ನೋಡಲು ಬಂದವರಿಗೆ ಆ ಹಸಿರು ಹೇಗೂ ಕಾದಿರುತ್ತದೆ.

ಎರಡನೇ ಸಲ ಹೋಗುವಾಗ ಬ್ಯಾಗಿನಲ್ಲಿ ಲೆನ್ಸ್ ಜೊತೆ ಎರಡು ಒಣ ಬಟ್ಟೆ, ಒಂದು ಪುಟ್ಟ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ. ಕೆಂಪು ಗಾರೆ ನೆಲಕ್ಕೆ ನೀರು ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ನಾಲ್ಕೇ ತೊಟ್ಟು ಎಣ್ಣೆ ಹಾಕಿ ಉಜ್ಜಿದರೆ ಕಿಟಕಿಯ ಬೆಳಕು ನೆಲದಲ್ಲಿ ಬಂದು ಕೂರುತ್ತದೆ. ಇದು ನನ್ನ ಶೋಧ ಅಲ್ಲ, ನಮ್ಮ ಅಮ್ಮ ಹಬ್ಬಕ್ಕೆ ಮಾಡುತ್ತಿದ್ದ ಕೆಲಸ. ತೊಟ್ಟು ಜಾಸ್ತಿಯಾದರೆ ಯಾರಾದರೂ ಜಾರಿ ಬೀಳುತ್ತಾರೆ, ಹುಷಾರು.

ಅಡುಗೆಮನೆಯ ಕಟ್ಟೆಯಿಂದ ಮಿಕ್ಸಿ, ಕುಕ್ಕರ್, ಎಣ್ಣೆ ಬಾಟಲಿ, ಔಷಧಿ ಡಬ್ಬ ಎಲ್ಲಾ ಇಳಿಸುತ್ತೇನೆ. ಒಂದು ಹಿತ್ತಾಳೆ ಚೊಂಬು, ಒಂದು ಬಾಳೆಹಣ್ಣಿನ ಚಿಪ್ಪು ಸಾಕು. ಬಚ್ಚಲಲ್ಲಿ ಬಕೆಟ್, ಮಗ್, ಸೋಪಿನ ತುಣುಕು ಹೊರಗೆ. ಆದರೆ ತಾಮ್ರದ ಹಂಡೆ ಇದ್ದರೆ ಅದು ಅಲ್ಲೇ ಇರಬೇಕು, ಸೌದೆ ಸಮೇತ. ಹಿತ್ತಲ ತಂತಿಯ ಮೇಲಿನ ನೈಟಿಗಳನ್ನು ತೆಗೆಸುವುದು ಯಾವಾಗಲೂ ಸ್ವಲ್ಪ ಮುಜುಗರದ ಮಾತು. ಈಗ ಬೆಳಿಗ್ಗೆ ಫೋನಿನಲ್ಲೇ "ಇವತ್ತು ಬಟ್ಟೆ ಒಗೀಬೇಡಿ" ಅಂದುಬಿಡುತ್ತೇನೆ. ಗೋಡೆಯ ಕೀಲಿ ಗೊಂಚಲನ್ನು ಮೊದಲು ತೆಗೆಯಬೇಕು. ಒಂದು ಫೋಟೋದಲ್ಲಿ ಹಿಂಬಾಗಿಲ ಕೀಲಿ, ಬೀರುವಿನ ಕೀಲಿ, ಪಕ್ಕದಲ್ಲೇ ತೆರೆದ ಬೀರು, ಮೂರೂ ಸ್ಪಷ್ಟವಾಗಿ ಬಂದಿತ್ತು. ಕಳಿಸುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ.

ಮಕ್ಕಳ ಫೋಟೋ, ಕುಟುಂಬದ ಫೋಟೋ ಇಳಿಸಿ ಅನ್ನುತ್ತೇನೆ. ಅದು ಊರೂರು ಸುತ್ತುವ ಚಿತ್ರ. ಹೆಚ್ಚಿನವರು ಇಳಿಸುತ್ತಾರೆ. ಹಿರೇಮಗಳೂರಿನ ಒಂದು ಮನೆಯಲ್ಲಿ ಹಾರ ಹಾಕಿದ ಯಜಮಾನರ ಫೋಟೋ ಹಾಲಿನ ನಟ್ಟನಡುವೆ ಇತ್ತು. ಮಗ ಸ್ಟೂಲ್ ತಂದ. ತಾಯಿ ಅಡುಗೆಮನೆಯಿಂದ ಬಂದು ಏನೂ ಹೇಳದೆ ಸ್ಟೂಲಿನ ಮೇಲೆ ಕೈಯಿಟ್ಟು ನಿಂತರು. ನಾನು ಸ್ಟ್ಯಾಂಡ್ ಎತ್ತಿಕೊಂಡು ಎದುರಿನ ಮೂಲೆಗೆ ಹೋದೆ. ಅಲ್ಲಿಂದ ಆ ಗೋಡೆ ಬರುವುದಿಲ್ಲ, ಕಿಟಕಿ ಬರುತ್ತದೆ. ನಿಜ ಹೇಳಬೇಕೆಂದರೆ ಆ ಮೂಲೆಯೇ ಚೆನ್ನಾಗಿತ್ತು. ದೇವರ ಮನೆಯದ್ದೂ ಹೀಗೇ, ಕೇಳದೆ ತೆಗೆಯಲ್ಲ. ಬೇಡ ಅಂದರೆ ಬಾಗಿಲು ಮುಚ್ಚಿ ಬಾಗಿಲ ಕೆತ್ತನೆ ತೆಗೆದರೂ ಆಯಿತು.

ಬ್ರೋಕರ್‌ಗಳಿಗೂ ನನಗೂ ಜಟಾಪಟಿ ಆಗುವುದು ಕೆಲವು ಫೋಟೋಗಳ ಬಗ್ಗೆ. ನಮ್ಮ ಊರಲ್ಲಿ ಮನೆ ಕೊಳ್ಳುವವರ ಮೊದಲ ಪ್ರಶ್ನೆ "ಯಾವ ದಿಕ್ಕು?" ಎರಡನೆಯದು "ಮಳೆಗಾಲದಲ್ಲಿ ಸೋರುತ್ತಾ?" ಹಾಗಾಗಿ ನಾನು ಟೆರೇಸ್, ಅಟ್ಟದ ಒಳಗಿನ ಮರ, ಚಾವಣಿಯ ಮೂಲೆ, ಸಂಪು, ಮುಂದಿನ ರಸ್ತೆ ಎಲ್ಲವನ್ನೂ ತೆಗೆಯುತ್ತೇನೆ. ತೇವದ ಕಲೆ ಇದ್ದರೆ ಅದೂ ಬರಲಿ. "ಅದನ್ನ ಅಳಿಸಿಬಿಡಿ ಸಾರ್, ಕಂಪ್ಯೂಟರಲ್ಲಿ ಎರಡು ನಿಮಿಷ" ಅನ್ನುತ್ತಾರೆ. ಎರಡು ನಿಮಿಷವೇ, ನಿಜ. ಗೇಟಿನ ಮುಂದಿನ ಕರೆಂಟ್ ಕಂಬವನ್ನೂ ಅಳಿಸಬಹುದು. ಆದರೆ ಬಂದವರು ಮೊದಲು ನೋಡುವುದು ಅದೇ ಕಂಬವನ್ನ. ಒಂದು ಸುಳ್ಳು ಸಿಕ್ಕಿದರೆ ಆಮೇಲೆ ಒಳ್ಳೆಯ ತೇಗದ ಬಾಗಿಲನ್ನೂ ಕೆರೆದು ನೋಡುತ್ತಾರೆ. ಬಿದ್ದಿರುವ ಎಲೆ, ಪಕ್ಕದಲ್ಲಿ ನಿಂತ ಸ್ಕೂಟರ್, ತೆಗೆಯಬಹುದಾದ್ದನ್ನು ಕೈಯಲ್ಲಿ ತೆಗೆಯುತ್ತೇನೆ. ಕೈಯಲ್ಲಿ ತೆಗೆಯಲಾಗದ್ದನ್ನು ಕಂಪ್ಯೂಟರಿನಲ್ಲೂ ತೆಗೆಯಲ್ಲ.

ಬೆಟ್ಟದ್ದು ಇದೇ ಜಾತಿಯ ಇನ್ನೊಂದು ಸುಳ್ಳು. ಮುಳ್ಳಯ್ಯನಗಿರಿ ಸಾಲು ಕಾಣುವ ಟೆರೇಸ್ ಅಂದರೆ ಬೆಂಗಳೂರಿನವರಿಗೆ ಪ್ರಾಣ. 1,930 ಮೀಟರಿನ ಬೆಟ್ಟ, ನವೆಂಬರ್ ಬೆಳಿಗ್ಗೆ ಗೆರೆ ಕೊರೆದ ಹಾಗೆ ಕಾಣುತ್ತದೆ. ದೂರ ಹೋಗಿ ಉದ್ದದ ಲೆನ್ಸ್ ಹಾಕಿದರೆ ಮನೆ ಅಷ್ಟೇ ಇರುತ್ತದೆ, ಹಿಂದಿನ ಬೆಟ್ಟ ಮಾತ್ರ ಹಿತ್ತಲಿಗೇ ಬಂದು ನಿಂತ ಹಾಗಾಗುತ್ತದೆ. ಅಗಲದ ಲೆನ್ಸ್ ರೂಮನ್ನು ಹಿಗ್ಗಿಸುತ್ತದೆ, ಉದ್ದದ ಲೆನ್ಸ್ ಬೆಟ್ಟವನ್ನು ಎಳೆದು ತರುತ್ತದೆ. ಒಂದು ಸಲ ಹಾಗೆ ಮಾಡಿ, ಲೈಕ್ ಬಂದದ್ದು ನೋಡಿ ಹಿಗ್ಗಿದ್ದೂ ಉಂಟು. ಈಗ ಟೆರೇಸಿನ ಮೇಲೆ ನಿಂತು, ಒಳಗೆ ಬಳಸಿದ ಅದೇ ಲೆನ್ಸಿನಲ್ಲಿ ತೆಗೆಯುತ್ತೇನೆ. ಬೆಟ್ಟ ಚಿಕ್ಕದಾಗಿ ಬರುತ್ತದೆ. ಅಲ್ಲಿ ಇರುವುದೂ ಅಷ್ಟೇ ಚಿಕ್ಕದಾಗಿ.

ಮುಸ್ಸಂಜೆಯ ಫೋಟೋ ಒಂದು ಇದ್ದರೆ ಚೆನ್ನ. ಸೂರ್ಯ ಮುಳುಗಿ 15–20 ನಿಮಿಷಕ್ಕೆ ಆಕಾಶದ ನೀಲಿಯೂ ಕಿಟಕಿಯ ಹಳದಿಯೂ ಸಮಕ್ಕೆ ಬರುತ್ತವೆ. ಹತ್ತು ನಿಮಿಷ ಇರುತ್ತದೆ, ಅಷ್ಟೇ. ಹಾಸನದ ವಿದ್ಯಾನಗರದಲ್ಲಿ ಒಂದು ಮನೆಗೆ ಇದಕ್ಕೋಸ್ಕರ ಮೂರು ಸಂಜೆ ಹೋದೆ. ಮೊದಲ ದಿನ ಮಳೆ. ಎರಡನೇ ದಿನ ಎಲ್ಲಾ ಲೈಟ್ ಹಾಕಿ, ಮನೆಯವರನ್ನೆಲ್ಲಾ ಹೊರಗೆ ನಿಲ್ಲಿಸಿ, ಟೈಮರ್ ಒತ್ತಿದ ಕೂಡಲೇ ಬೀದಿಗೆ ಬೀದಿಯೇ ಕರೆಂಟ್ ಹೋಯಿತು. ಮೂರನೇ ದಿನ ಸಿಕ್ಕಿತು. ಅಂದಹಾಗೆ ಹಾಸನದಲ್ಲಿ ತೆಗೆಯುವುದು ನಮ್ಮ ಊರಿಗಿಂತ ಸುಲಭ. ಮಳೆ ಕಮ್ಮಿ, ಆಕಾಶ ಅಗಲ, ರಸ್ತೆಯೂ ಅಗಲ.

ಕಳಿಸುವಾಗ ಗೇಟಿನಿಂದ ಹಿತ್ತಲವರೆಗೆ ನಡೆದು ಹೋದ ಹಾಗೆ ಸಾಲಾಗಿ ಜೋಡಿಸುತ್ತೇನೆ, 15ರಿಂದ 18 ಫೋಟೋ. ಒಂದು ಹಾಳೆಯಲ್ಲಿ ಕೈಯಲ್ಲೇ ಮನೆಯ ನಕ್ಷೆ ಗೀಚಿ, ದಿಕ್ಕಿನ ಬಾಣ ಹಾಕಿ, ಅದರ ಫೋಟೋವನ್ನೂ ಕೊನೆಗೆ ಸೇರಿಸುತ್ತೇನೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ತೆಗೆದ ಹಾಗೇ ಹೋಗುತ್ತದೆ. ಆದರೆ ಒಂದು ಎಚ್ಚರ ಬೇಕು. ಡಾಕ್ಯುಮೆಂಟ್ ಆಗಿ ಹೋದ ಫೋಟೋದೊಳಗೆ ತೆಗೆದ ಜಾಗದ ಜಿಪಿಎಸ್ ಗುರುತೂ ಹೋಗುತ್ತದೆ. ಮನೆಯವರು ಊರಲ್ಲಿಲ್ಲದ ಬೀಗ ಹಾಕಿದ ಮನೆಯಾದರೆ ಆ ಗುರುತು ಯಾರ ಕೈಗೋ ಸಿಗುವುದು ಬೇಡ. ತೆಗೆಯುವ ಮೊದಲೇ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಬಿಡಿ. ಮನೆ ಮಾರಾಟವಾಗಿ ಅಡ್ವಾನ್ಸ್ ಆದ ದಿನ, ಹಾಕಿದ ಕಡೆಯಲ್ಲೆಲ್ಲಾ ತೆಗೆಯಿರಿ ಅಂತ ಬ್ರೋಕರ್‌ಗೆ ಫೋನ್ ಮಾಡುತ್ತೇನೆ. ತೆಗೀತೀನಿ ಅನ್ನುತ್ತಾರೆ.

ಬಸವನಹಳ್ಳಿಯ ಆ ಮೊದಲ ಮನೆ ಆ ವರ್ಷವೇ ದಸರಾ ಹೊತ್ತಿಗೆ ಮಾರಾಟವಾಯಿತು. ಕೊಂಡವರು ಪಕ್ಕದ ಬೀದಿಯವರು, ಅವರಿಗೆ ಫೋಟೋ ಬೇಕಾಗಿರಲಿಲ್ಲ. ಹೋದ ತಿಂಗಳು ಒಂದು ವಾಟ್ಸಾಪ್ ಗ್ರೂಪಿನಲ್ಲಿ ಅದೇ ಮನೆ ಮತ್ತೆ ಬಂತು. ಅದೇ ಹತ್ತು ಫೋಟೋ. ಸುಣ್ಣ ಬಳಿದಂಥ ಸೋಫಾ, ಅರಿಶಿನದ ಗೋಡೆ, ಬೀರುವಿನ ಕನ್ನಡಿಯಲ್ಲಿ ರೈನ್‌ಕೋಟ್ ಹಾಕಿಕೊಂಡ ನಾನು. ಬೆಲೆ ಮಾತ್ರ ಹೊಸದು.